ರುಚಿ ನೋಡಿದ ಹೊಟ್ಟೆ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಕೈಯಲ್ಲಿ ಸೌಟಿಲ್ಲದೆ ಅವನನ್ನು ಕಂಡವರೇ ಇಲ್ಲದ ಕಾರಣ ಎಲ್ಲರೂ ಸೌಟಪ್ಪ ಎನ್ನುತ್ತಿದ್ದರು, ಮ್ಯಾನೇಜರ್ ಕೂಡ. ಮಧ್ಯಾಹ್ನದ ಗಂಟೆ ಹೊಡೆದೊಡನೆ ತಟ್ಟೆ ಹಿಡಿದು ಸಾಲುಗಟ್ಟುವ ಅಷ್ಟೂ ಜನಕ್ಕೆ ಅಡುಗೆ ಅವನ ಕೈಕೆಳಗೇ ಆಗಬೇಕು. ಒಂದೊಂದು ಹಂಡೆಯೂ ಮಗುವೊಂದು ಕೂತು ಸ್ನಾನ ಮಾಡುವಷ್ಟು ದೊಡ್ಡದು. ಆ ಹಂಡೆಗಳ ನಡುವೆ ಸೌಟಪ್ಪ ಓಡಾಡುತ್ತಿದ್ದರೆ ಅವುಗಳಲ್ಲೇ ಒಂದಕ್ಕೆ ಕಾಲು ಬಂದ ಹಾಗಿರುತ್ತಿತ್ತು. ಇದನ್ನು ಹೇಳಿದವಳು ಅವನ ಹೆಂಡತಿ. ಬೇರೆ ಯಾರಾದರೂ ಹೇಳಿದ್ದರೆ ಅವಳೇ ಸೆರಗು ಕಟ್ಟಿಕೊಂಡು ಜಗಳಕ್ಕೆ ಹೋಗುತ್ತಿದ್ದಳು.

ಹಾಗೆಂದು ಅವನು ಹೊಟ್ಟೆಬಾಕನಲ್ಲ. ಬೆಳಿಗ್ಗೆ ಬರೀ ಒಂದು ಲೋಟ ಟೀ ಕುಡಿದು ಮನೆ ಬಿಡುತ್ತಿದ್ದ. ಮಧ್ಯಾಹ್ನ ಊರಿಗೆಲ್ಲ ಬಡಿಸಿ ತಾನು ಮಾತ್ರ ತಟ್ಟೆ ಮುಟ್ಟುತ್ತಿರಲಿಲ್ಲ. ರಾತ್ರಿ ಮನೆಯಲ್ಲಿ ಒಂದು ಊಟ, ಅಷ್ಟೆ. ಈ ವಿಷಯದಲ್ಲಿ ಅವನಿಗೆ ಒಳಗೊಳಗೇ ಜಂಬವಿತ್ತು.

"ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಅಂತಾರೆ. ಲೆಕ್ಕಕ್ಕೆ ನಾನು ಯೋಗಿ ಕಣೇ," ಎನ್ನುತ್ತಿದ್ದ.

"ಹೌದು ರೀ. ಈ ಯೋಗಿ ಕೂತು ಕೂತು ಮೂರನೇ ಕುರ್ಚಿ ಮುರೀತು," ಎನ್ನುತ್ತಿದ್ದಳು ಹೆಂಡತಿ.

"ನಮ್ಮದು ಗಾಳಿ ಕುಡಿದ್ರೂ ದಪ್ಪ ಆಗೋ ಮೈ. ಏನು ಮಾಡೋಕಾಗುತ್ತೆ?"

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಎಲ್ಲರೂ ಕೇಳಿದ್ದಾರೆ. ಅಡುಗೆ ಬಲ್ಲವನ ವಿಷಯದಲ್ಲಿ ಆ ಗಾದೆ ಬಾಯಿಯೇ ಬಿಡುವುದಿಲ್ಲ. ಸೌಟಪ್ಪನ ತೂಕ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಯಿತು, ಅದು ಮನೆಯವರಿಗೂ ಕ್ಯಾಂಟೀನಿನವರಿಗೂ ತಮಾಷೆಯ ಸಂಗತಿಯಾಗಿಯೇ ಉಳಿಯಿತು. ಅವನ ಅಕ್ಕನ ಎರಡೂ ಕಿಡ್ನಿ ಸೋತ ದಿನದಿಂದ ಮಾತ್ರ ಅದು ತಮಾಷೆಯಾಗಿ ಉಳಿಯಲಿಲ್ಲ.

ಅಕ್ಕ ಎಂದರೆ ಸೌಟಪ್ಪನಿಗೆ ಬರೀ ಅಕ್ಕನಲ್ಲ. ಅವನಿನ್ನೂ ಸರಿಯಾಗಿ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸಿನಲ್ಲಿ ತಾಯಿ ತೀರಿಕೊಂಡಿದ್ದಳು. ಅಪ್ಪ ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೊರಟವನು ಇನ್ನೂ ಹುಡುಕುತ್ತಲೇ ಇದ್ದಾನೆಂದು ತಿಳಿಯಬೇಕು. ಉಳಿದವಳು ಅಕ್ಕ, ಅವಳೂ ಆಗ ಲಂಗದ ಹುಡುಗಿ. ಹೊಲಿಗೆ ಅಂಗಡಿಯೊಂದರಲ್ಲಿ ಶರಟಿನ ಕಾಲರು ಹೊಲಿಯುವ ಕೆಲಸ ಹಿಡಿದು, ಪ್ರಿಂಟಿಂಗ್ ಪ್ರೆಸ್ಸಿನ ಹಿಂಬದಿಯ ಒಂದು ಕೋಣೆಯಲ್ಲಿ ತಮ್ಮನನ್ನು ಇಟ್ಟುಕೊಂಡು ಸಂಸಾರ ಹೂಡಿದಳು. ಪ್ರೆಸ್ಸಿನ ಯಂತ್ರ ಓಡುವಾಗ ಗೋಡೆ ನಡುಗುತ್ತಿತ್ತು, ಮೊಳೆಗೆ ನೇತುಹಾಕಿದ ಚಮಚಗಳು ಗಲಗಲ ಎನ್ನುತ್ತಿದ್ದವು. ಒಂದು ಸೀಮೆಎಣ್ಣೆ ಸ್ಟೌವ್, ಹಿಡಿ ಕಳಚಿದ ಒಂದು ಸಣ್ಣ ಪಾತ್ರೆ. ಸಂಜೆ ಬಂದು ಅದರಲ್ಲೇ ಅನ್ನವನ್ನೋ ಬೇಳೆಯನ್ನೋ ಬೇಯಿಸಿ ತಮ್ಮನ ತಟ್ಟೆಗೆ ಸುರಿಯುವಳು.

"ನಿನಗೆ?" ಎಂದು ಅವನು ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು. "ಅಡುಗೆ ಮಾಡ್ತಾ ಮಾಡ್ತಾ ರುಚಿ ನೋಡಿದ್ದೇ ಆಯ್ತು ಕಣೋ. ನನ್ನ ಹೊಟ್ಟೆ ತುಂಬಿದೆ. ನೀನು ತಿನ್ನು."

ಅಡುಗೆ ಮಾಡುವವರ ಅದೃಷ್ಟವೇ ಅದೃಷ್ಟ ಎಂದು ಹುಡುಗನಿಗೆ ಎನಿಸಿತ್ತು. ಊಟಕ್ಕೆ ಕೂರದೆಯೇ ಹೊಟ್ಟೆ ತುಂಬುವ ಕೆಲಸ ಜಗತ್ತಿನಲ್ಲಿ ಅದೊಂದೇ. ದೊಡ್ಡವನಾಗಿ ಅಡುಗೆಯವನಾದ ಮೇಲೆ ಈ ಕಥೆಯನ್ನು ಅವನು ಕ್ಯಾಂಟೀನಿಗೆ ಬಂದ ಪ್ರತಿ ಹೊಸಬನಿಗೂ ಹೇಳಿ ನಗಿಸುತ್ತಿದ್ದ. "ನಮ್ಮಕ್ಕ ರುಚಿ ನೋಡೋದು ನೋಡಿ ನಾನು ಈ ಕೆಲಸಕ್ಕೆ ಬಂದೆ," ಎನ್ನುತ್ತಿದ್ದ.

ಈಗ ಆ ಅಕ್ಕ ದಿನ ಬಿಟ್ಟು ದಿನ ಆಸ್ಪತ್ರೆಯ ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕು. ಕುಡಿಯುವ ನೀರಿಗೆ ಅಳತೆ, ಉಪ್ಪಿಗೆ ಬಹಿಷ್ಕಾರ. ಮದುವೆಯಾಗದೆ, ಎರಡು ಕೋಣೆಯ ಮನೆಯಲ್ಲಿ ಹೊಲಿಗೆ ಯಂತ್ರದ ಜೊತೆ ಒಬ್ಬಳೇ ಇದ್ದು ಯಾರ ಹಂಗಿಲ್ಲದೆ ಬದುಕಿದವಳು ಈಗ ಮೆಟ್ಟಿಲು ಹತ್ತಲು ತಮ್ಮನ ಭುಜ ಹಿಡಿಯುತ್ತಿದ್ದಳು. ಸೌಟಪ್ಪ ಎರಡನೇ ಯೋಚನೆ ಮಾಡದೆ ತನ್ನ ಒಂದು ಕಿಡ್ನಿ ಕೊಡುತ್ತೇನೆಂದು ಹೋದ. ಹೆಂಡತಿಯೂ ಬೇಡ ಎನ್ನಲಿಲ್ಲ. "ಅತ್ತಿಗೆ ಇಲ್ದೇ ಇದ್ರೆ ನೀವೆಲ್ಲಿರ್ತಿದ್ರಿ? ಕೊಡಿ," ಎಂದಳು. ಆ ಒಂದು ಮಾತಿಗೆ ಅವನು ಹೆಂಡತಿಗೆ ಇಡೀ ಜನ್ಮ ಋಣಿ.

ರಕ್ತ ಹೊಂದಿತು, ಬೇರೆ ಪರೀಕ್ಷೆಗಳೂ ಹೊಂದಿದವು. ಆದರೆ ಡಾಕ್ಟರು ಕಾಗದಗಳನ್ನೆಲ್ಲ ಪಕ್ಕಕ್ಕಿಟ್ಟು ಅವನ ಹೊಟ್ಟೆಯನ್ನೇ ನೋಡಿದರು.

"ಈ ತೂಕದಲ್ಲಿ ನಾವು ನಿಮಗೆ ಆಪರೇಷನ್ ಮಾಡಲ್ಲ. ಆಮೇಲೆ ನೀವು ಒಂದೇ ಕಿಡ್ನೀಲಿ ಬಾಳಬೇಕು. ಇಷ್ಟು ಭಾರ, ಏರ್ತಾ ಇರೋ ಬಿಪಿ, ಎರಡನ್ನೂ ಅದೊಂದರ ಮೇಲೆ ಹೊರಿಸೋಕಾಗಲ್ಲ. ಹದಿನಾಲ್ಕು ಕಿಲೋ ಇಳಿಸ್ಕೊಂಡು ಬನ್ನಿ."

"ಅಕ್ಕ ಅಲ್ಲೀವರೆಗೆ ಕಾಯ್ತಾಳಾ ಡಾಕ್ಟ್ರೇ?"

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಯಂತ್ರ ನಡೆಸ್ಕೊಂಡು ಹೋಗುತ್ತೆ. ಆದ್ರೆ ಅವರ ಹೃದಯ ದಣೀತಿದೆ. ಈ ಬೇಸಿಗೆ ದಾಟಿದ್ರೆ ಆಪರೇಷನ್ ತಡ್ಕೊಳ್ಳೋ ಶಕ್ತಿ ಅವರಿಗೇ ಇರುತ್ತೋ ಇಲ್ವೋ."

ಸುದ್ದಿ ಕೇಳಿ ಅಕ್ಕ ಮಾತ್ರ ಹಗುರಾದಳು. ತಮ್ಮನ ಮೈಗೆ ಕತ್ತಿ ತಾಗುವುದು ಅವಳಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. "ಸದ್ಯ, ನಿನ್ನ ಹೊಟ್ಟೆ ನಿನ್ನನ್ನ ಕಾಪಾಡ್ತು. ನನ್ನ ಪಾಡು ನನಗೆ ಬಿಡು," ಎಂದಳು.

ಸೌಟಪ್ಪ ಬಿಡಲಿಲ್ಲ. ಅವನಿಗೆ ಗೊತ್ತಿದ್ದ ದಾರಿ ಒಂದೇ, ಇದ್ದ ಒಂದು ಊಟವನ್ನೂ ಬಿಟ್ಟ. ರಾತ್ರಿ ಎರಡು ಸೌತೆಕಾಯಿ ಕಚ್ಚಿ, ನೀರು ಕುಡಿದು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಸಿಡುಕು ಹೆಚ್ಚಿತು, ಕಣ್ಣ ಕೆಳಗೆ ಕಪ್ಪಾಯಿತು, ತಲೆ ತಿರುಗತೊಡಗಿತು. ಇಷ್ಟೆಲ್ಲ ಆಗಿ ತಿಂಗಳ ಕೊನೆಯಲ್ಲಿ ಆಸ್ಪತ್ರೆಯ ತೂಕದ ಯಂತ್ರ ಹತ್ತಿದರೆ ಮುಳ್ಳು ಇಳಿಯುವ ಬದಲು ಒಂದು ಕೂದಲೆಳೆ ಮೇಲಕ್ಕೇ ನಿಂತಿತು. ಯಂತ್ರ ಕೆಟ್ಟಿದೆ ಎಂದು ಅವನು ವಾದಿಸಿದ. ಕ್ಯಾಂಟೀನಿಗೆ ಬಂದು, ಯಾರೂ ಇಲ್ಲದಾಗ, ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತ. ಅದೂ ಅದನ್ನೇ ಹೇಳಿತು. ಈರುಳ್ಳಿಗೆ ಎಂದೂ ಸುಳ್ಳು ಹೇಳದ ತಕ್ಕಡಿ ತನಗೊಬ್ಬನಿಗೆ ಯಾಕೆ ಹೇಳೀತು? ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು ಅಕ್ಕನ ಪಾಲಿಗೆ, ಅದೂ ತನ್ನ ಹಾಳು ಮೈಯಿಂದ ಎಂದು ಅವನು ಕುಗ್ಗಿ ಹೋದ.

ಡಾಕ್ಟರು ಅವನನ್ನು ಊಟದ ಸಲಹೆ ಕೊಡುವ ಹೆಂಗಸಿನ ಬಳಿಗೆ ಕಳಿಸಿದರು. ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದ ಚಿಕ್ಕ ವಯಸ್ಸಿನವಳು. ಆಮೇಲೆ ಇಡೀ ಕ್ಯಾಂಟೀನೇ ಅವಳನ್ನು ಪಥ್ಯದ ಮೇಡಂ ಎನ್ನತೊಡಗಿತು. ಅವನ ಯೋಗಿ ಪುರಾಣವನ್ನೆಲ್ಲ ತಾಳ್ಮೆಯಿಂದ ಕೇಳಿ ಕೊನೆಗೆ ಒಂದೇ ಪ್ರಶ್ನೆ ಹಾಕಿದಳು.

"ಅಡುಗೆ ಮಾಡುವಾಗ ರುಚಿ ನೋಡ್ತೀರಾ?"

"ನೋಡ್ದೆ ಇದ್ರೆ ಹೇಗೆ ಮೇಡಂ? ಆದ್ರೆ ಅದು ಊಟ ಅಲ್ವಲ್ಲ. ನಾಲಿಗೆ ತುದಿಗೆ ಅಷ್ಟೇ."

"ಅಡುಗೆಮನೇಲಿ ನಂಬಿಕಸ್ಥರು ಯಾರಾದ್ರೂ ಇದಾರಾ? ನೀವು ಬಾಯಿಗೆ ಎಷ್ಟು ಹಾಕ್ತೀರೋ ಅಷ್ಟನ್ನೇ ಒಂದು ಪಾತ್ರೆಗೂ ಹಾಕ್ತಾ ಹೋಗೋಕೆ ಹೇಳಿ. ಒಂದು ಹೊತ್ತು ಸಾಕು."

ಸೌಟಪ್ಪನಿಗೆ ಸಿಟ್ಟು ಬಂತು. ಕಳ್ಳನಿಗೆ ಕಾವಲು ಇಟ್ಟ ಹಾಗೆ ಇದೇನು ಎಂದು ಗೊಣಗಿಕೊಂಡೇ ಬಂದು, ಪಾತ್ರೆ ತೊಳೆಯುವ ಹೆಂಗಸಿಗೆ ವಿಷಯ ಹೇಳಿದ. ಅಡುಗೆಮನೆಯವರೆಲ್ಲ ಚಿಕ್ಕಮ್ಮ ಎಂದು ಕರೆಯುವ ಆಕೆ ಯಾಕೆ ಏನು ಎಂದು ಕೇಳುವವಳಲ್ಲ. ಮರುದಿನ ಬೆಳಿಗ್ಗೆ ಒಂದು ಸ್ಟೀಲ್ ಬೋಗುಣಿಯನ್ನು ತೊಳೆದು ಕಟ್ಟೆಯ ಕೆಳಗಿಟ್ಟುಕೊಂಡು ಅವನ ಹಿಂದೆಯೇ ನಿಂತಳು.

ರುಚಿ ನೋಡುವಾಗ ಕಣ್ಣು ಮುಚ್ಚುವುದು ಸೌಟಪ್ಪನ ಅಭ್ಯಾಸ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೆ ಇರುತ್ತದೆಯೇ? ಅವತ್ತು ಬೆಳಗಿನ ಮೊದಲ ಗಂಟೆಯಲ್ಲೇ ಬೋಗುಣಿ ಅಲ್ಲಿದೆ ಎನ್ನುವುದನ್ನು ಅವನು ಮರೆತ. ಈರುಳ್ಳಿ ಕೆಂಪಗಾಯಿತೇ ಎಂದು ಒಂದು ಸೌಟಿನ ತುದಿ. ಟೊಮೆಟೊ ಬಿದ್ದ ಮೇಲೆ ಹಸಿ ವಾಸನೆ ಹೋಯಿತೇ ಎಂದು ಇನ್ನೊಂದು. ಬೇಳೆ ಬೆಂದಿತೇ, ಉಪ್ಪು ಹಿಡಿಯಿತೇ, ಖಾರ ಹೆಚ್ಚಾಯಿತೇ? ಅನ್ನದ ಒಂದಗುಳು ಹಿಸುಕಿ ನೋಡಿದರೆ ಸಾಕು ಎನ್ನುತ್ತದೆ ಜಗತ್ತು, ಸೌಟಪ್ಪನಿಗೆ ಒಂದು ಹಿಡಿ ಬೇಕು. ಆಲೂಗೆಡ್ಡೆಯ ಒಂದು ಹೋಳು. ಒಲೆಯಿಂದ ಇಳಿದ ಚಪಾತಿಯ ಚೂರು, ಅದನ್ನು ಬರಿದಾಗಿ ತಿಂದರೆ ಗಂಟಲಿಗೆ ಒತ್ತುತ್ತದೆ ಎಂದು ಅದಕ್ಕೊಂದಿಷ್ಟು ಪಲ್ಯ. ಹಾಲಿನ ಸಿಹಿ ತಳ ಹಿಡಿಯಿತೇ ಎಂದು ಎರಡು ಸಲ. ಎರಡನೇ ಅಡುಗೆಯವನು "ಉಪ್ಪು ಸರಿ ಇದೆಯಾ ಅಣ್ಣಾ?" ಎಂದು ಕೇಳಿದರೆ ಮತ್ತೆ ಎಲ್ಲ ಹಂಡೆಗಳಿಗೂ ಒಂದು ಪ್ರದಕ್ಷಿಣೆ. ಖಾಲಿ ಹೊಟ್ಟೆಯವನಿಗೆ ಉಪ್ಪಿನ ಮೇಲೆ ಎಂದೂ ಪೂರ್ತಿ ನಂಬಿಕೆ ಬರುವುದಿಲ್ಲ.

ಸಾಲು ಕರಗಿ, ಊಟದ ಕೋಣೆಯಲ್ಲಿ ಬೆಂಚು ಒರೆಸುವ ಸದ್ದು ಕೇಳತೊಡಗಿದಾಗ ಚಿಕ್ಕಮ್ಮ ಬೋಗುಣಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಅದು ಕಂಠಮಟ್ಟ ತುಂಬಿತ್ತು. ಅನ್ನ, ಬೇಳೆ, ಪಲ್ಯ, ಚಪಾತಿ ಎಲ್ಲ ಕಲಸಿಹೋಗಿ, ನೋಡಲು ಅಂಥ ಚೆಂದವಾಗಿಯೂ ಇರಲಿಲ್ಲ.

"ಇದು ಯಾರದ್ದು ಚಿಕ್ಕಮ್ಮ?"

"ನಿಂದೇ."

"ಇದು ಇಬ್ಬರ ಊಟ."

"ಇಬ್ಬರದ್ದೇ ಮತ್ತೆ. ಸಿಹಿ ಬೇರೆ ಲೋಟದಲ್ಲಿಟ್ಟಿದೀನಿ, ತರ್ಲಾ?"

ಅಡುಗೆಮನೆ ಬಿದ್ದು ಬಿದ್ದು ನಕ್ಕಿತು. ಸೌಟಪ್ಪನೂ ನಕ್ಕ. ಯೋಗಿಯ ಬಣ್ಣ ಬಯಲಾಯಿತು ಎಂದು ತಾನೇ ಎಲ್ಲರಿಗಿಂತ ಜೋರಾಗಿ ನಕ್ಕ. ಹಾಗಾದರೆ ರುಚಿ ನೋಡಿಯೇ ಹೊಟ್ಟೆ ತುಂಬುವುದು ನಿಜ, ಅಕ್ಕ ಹೇಳುತ್ತಿದ್ದದ್ದು ಸುಳ್ಳಲ್ಲ ಎಂದು ಹೇಳಲು ಬಾಯಿ ತೆರೆದ. ಅಲ್ಲಿಗೆ ಅವನ ನಗು ನಿಂತಿತು.

ಇವನ ಮುಂದೆ ಇರುವುದು ಹಂಡೆ. ಹಂಡೆಯಿಂದ ಬೋಗುಣಿ ತುಂಬ ತೆಗೆದರೂ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕನ ಮುಂದೆ ಇದ್ದದ್ದು ಹಿಡಿ ಕಳಚಿದ ಆ ಪಾತ್ರೆ. ಅದರಲ್ಲಿದ್ದ ಇಡೀ ಅಡುಗೆಯನ್ನು ಈ ಬೋಗುಣಿಗೆ ಸುರಿದರೆ ತಳ ಮುಚ್ಚುತ್ತಿತ್ತು, ಅಷ್ಟೆ. ಆ ಅಡುಗೆಯೆಲ್ಲ ತನ್ನ ತಟ್ಟೆಗೇ ಬರುತ್ತಿತ್ತು. ಪಾತ್ರೆ ಬಗ್ಗಿಸಿ ಕೊನೆಯ ಅಗುಳನ್ನೂ ಚಮಚದಿಂದ ಕೆರೆದು ಅವಳು ಬಡಿಸುತ್ತಿದ್ದ ಸದ್ದು ಅವನಿಗೆ ಇನ್ನೂ ನೆನಪಿದೆ. ಹಾಗಿದ್ದರೆ ಅವಳು ನೋಡಿದ ರುಚಿ ಯಾವುದು?

ಅವನು ಈರುಳ್ಳಿ ಮೂಟೆಯ ಮೇಲೆ ಕುಸಿದು ಕೂತ. ಉಂಡೂ ಉಂಡಿಲ್ಲ ಎಂದು ತಾನು ಹೇಳಿಕೊಂಡು ಬಂದಿದ್ದ, ಉಣ್ಣದೆಯೂ ಉಂಡೆ ಎಂದು ಅಕ್ಕ ಹೇಳಿದ್ದಳು. ಎರಡಕ್ಕೂ ನೆಪ ಒಂದೇ. ಅವಳ ಹಸಿವನ್ನು ಇಷ್ಟು ವರ್ಷ ತಾನು ನಗೆಚಾಟಿಕೆ ಮಾಡಿ ಊರಿಗೆಲ್ಲ ಹಂಚಿದ್ದ.

ಅವತ್ತು ಸಂಜೆ ನೇರವಾಗಿ ಅಕ್ಕನ ಮನೆಗೆ ಹೋದ. ಯಂತ್ರದಿಂದ ಬಿಡಿಸಿಕೊಂಡು ಬಂದು ಅವಳು ದಿಂಬಿಗೆ ಒರಗಿದ್ದಳು.

"ಅಕ್ಕ, ಪ್ರೆಸ್ಸಿನ ಹಿಂದಿನ ರೂಮಲ್ಲಿದ್ದಾಗ ನೀನು ಏನು ತಿಂತಿದ್ದೆ?"

"ಅದ್ಯಾಕೀಗ? ಹೇಳ್ತಿದ್ನಲ್ಲ, ರುಚಿ ನೋಡ್ತಾ ನೋಡ್ತಾ..."

"ಆ ಪಾತ್ರೇಲಿ ರುಚಿ ನೋಡೋಕೆ ಏನಿತ್ತು ಅಕ್ಕ?"

ಅಕ್ಕ ಹೊಲಿಗೆ ಯಂತ್ರದ ಕಡೆ ಮುಖ ತಿರುಗಿಸಿದಳು. "ಅಂಗಡೀಲಿ ಟೀ ಕೊಡ್ತಿದ್ರು. ಜೊತೆಗೊಂದು ಬನ್ನು," ಎಂದಳು. ಆಮೇಲೆ, ಇನ್ನು ಸುಳ್ಳು ನಡೆಯದೆಂದು ತಿಳಿದವಳ ಹಾಗೆ, "ಕೆಲವು ದಿನ," ಎಂದು ಸೇರಿಸಿದಳು.

ಸೌಟಪ್ಪ ಮಂಚದ ಅಂಚಿಗೆ ಹಣೆ ಒತ್ತಿ ಅತ್ತುಬಿಟ್ಟ. ಅಷ್ಟು ದೊಡ್ಡ ಮೈ ಅಳುವಾಗ ಮಂಚವೂ ಅಲುಗುತ್ತಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಉಪ್ಪು ಬಿಟ್ಟು ಮಲಗಿದ್ದ, ತನ್ನ ಪಾಲಿಗೆ ತಾಯಿಯಾದವಳ ಬೆರಳುಗಳನ್ನು ಅವನು ಬಿಗಿಯಾಗಿ ಹಿಡಿದುಕೊಂಡ.

"ಅಳು, ಅಳು," ಎಂದಳು ಅಕ್ಕ ಅವನ ತಲೆ ಸವರುತ್ತಾ. "ಅಷ್ಟಾದ್ರೂ ತೂಕ ಇಳೀಲಿ."

ಅವನು ಮೂಗೊರೆಸಿಕೊಂಡು ತಲೆಯೆತ್ತಿದ. "ಇನ್ನು ಬೇಡ ಅನ್ನಬೇಡ. ಈ ಮೈ ನಿನ್ನ ಪಾಲಿನ ಊಟದಿಂದ ಬೆಳೆದಿದ್ದು. ಇದರೊಳಗಿರೋದರಲ್ಲಿ ಅರ್ಧ ನಿಂದೇ." ಅಕ್ಕ ಆಗಲಿ ಎನ್ನಲಿಲ್ಲ. ಆದರೆ ಬೇಡ ಎನ್ನುವುದನ್ನೂ ಅವತ್ತಿಗೆ ಬಿಟ್ಟಳು.

ಬೋಗುಣಿಯ ಕಥೆ ಕೇಳಿ ಪಥ್ಯದ ಮೇಡಂ ನಗಲಿಲ್ಲ. "ಯೋಗಿ ಆಗೋದು ಬಿಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಕೂತು ಉಣ್ಣಿ. ತಟ್ಟೇಲಿ ಅರ್ಧ ತರಕಾರಿ, ಉಳಿದ ಅರ್ಧದಲ್ಲಿ ಕಾಳು, ಮೊಟ್ಟೆ, ಸ್ವಲ್ಪ ಅನ್ನ. ಹಸ್ಕೊಂಡು ಮಾತ್ರ ಅಡುಗೆಮನೆಗೆ ಹೋಗಬೇಡಿ," ಎಂದಳು. ತೂಕ ಇಳಿಸಲು ಉಣ್ಣಬೇಕೇ ಎಂದು ಸೌಟಪ್ಪನಿಗೆ ಅನುಮಾನ. ಆದರೂ ಮಾಡಿದ. ಒಲೆ ಹಚ್ಚುವ ಮೊದಲು ಮೂಲೆಯ ಸ್ಟೂಲಿನ ಮೇಲೆ ಕೂತು, ಬೇಯಿಸಿದ ಕಾಳನ್ನೂ ಮೊಟ್ಟೆಯನ್ನೂ ಒಂದು ರಾಶಿ ತರಕಾರಿಯನ್ನೂ ನಿಧಾನವಾಗಿ ಅಗಿದು ಉಂಡ. ಎಷ್ಟೋ ವರ್ಷದ ಮೇಲೆ ಅವನು ಆ ಅಡುಗೆಮನೆಯಲ್ಲಿ ಕೂತು ಉಂಡದ್ದು. ಹೊಟ್ಟೆ ತುಂಬಿದವನಿಗೆ ಉಪ್ಪಿನ ಮೇಲಿನ ಸಂಶಯ ತಾನಾಗಿ ಕಡಿಮೆಯಾಯಿತು.

ಚಿಕ್ಕಮ್ಮ ಅವನ ಸೌಟನ್ನು ಬಡಿಸುವವರಿಗೆ ಕೊಟ್ಟು, ಇವನ ಕೈಗೆ ಮಕ್ಕಳಿಗೆ ಔಷಧಿ ಕುಡಿಸುವಂಥ ಒಂದು ಚಮಚ ಇಟ್ಟಳು. ಹಂಡೆಗೆ ಒಂದೇ ಸಲ, ಎಲ್ಲ ಮುಗಿದ ಮೇಲೆ. ಅದಕ್ಕೂ ಮೊದಲಿನದ್ದನ್ನೆಲ್ಲ ಮೂಗು ಮತ್ತು ಕಿವಿಯಲ್ಲೇ ತಿಳಿಯಬೇಕು, ಅನುಮಾನ ಬಂದರೆ ಎರಡನೇ ಅಡುಗೆಯವನ ನಾಲಿಗೆ ಇದೆ. ಮೊದಲ ವಾರ ಒಂದು ದಿನ ಬೇಳೆ ಉಪ್ಪಿನ ಸಮುದ್ರ, ಮರುದಿನ ಸಪ್ಪೆ. ಸೌಟಪ್ಪನಿಗೆ ವಯಸ್ಸಾಯಿತು ಎಂದು ಸಾಲಿನಲ್ಲಿ ಪಿಸುಮಾತು ಹುಟ್ಟಿತು. ವಿಷಯ ಏನೆಂದು ಗೊತ್ತಾದ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬ ವೆಲ್ಡರ್ ಮಾತ್ರ ಮನೆಯಿಂದ ಒಂದು ಪೊಟ್ಟಣ ಉಪ್ಪು ತಂದು ಮೇಜಿನ ಮೇಲಿಟ್ಟು, "ನಾವು ಹಾಕ್ಕೋತೀವಿ, ನೀವು ನಿಮ್ಮ ಕೆಲಸ ನೋಡ್ಕೊಳ್ಳಿ," ಎಂದ. ಆ ವಾರದ ಊಟವನ್ನು ದೂರಿಲ್ಲದೆ ಉಂಡ ಜನರನ್ನು ಸೌಟಪ್ಪ ಇವತ್ತಿಗೂ ಕೈಮುಗಿದು ನೆನೆಯುತ್ತಾನೆ.

ಅವನು ಎಡವಲೇ ಇಲ್ಲ ಎಂದರೆ ಅದು ಕಟ್ಟುಕಥೆಯಾಗುತ್ತದೆ. ನಿವೃತ್ತಿಯಾದವರೊಬ್ಬರ ಬೀಳ್ಕೊಡುಗೆಗೆಂದು ಹಾಲಿನ ಸಿಹಿ ಮಾಡಿದ ದಿನ, ಹಂಡೆಯ ತಳಕ್ಕೆ ಹತ್ತಿದ ಕಂದು ಕೆನೆಯನ್ನು ಕೆರೆದುಕೊಂಡು ಉಗ್ರಾಣದ ಮೂಟೆಗಳ ಹಿಂದೆ ಹೋಗಿ ಕೂತಿದ್ದ. ಚಿಕ್ಕಮ್ಮ ಬೈಯಲಿಲ್ಲ. ಆ ಸ್ಟೀಲ್ ಬೋಗುಣಿಯನ್ನು ತಂದು ಅವನ ಕಾಲ ಬಳಿ ಇಟ್ಟು ಹೋದಳು. ಸೌಟಪ್ಪ ಬೋಗುಣಿಯನ್ನು ನೋಡಿದ, ಹಿಡಿ ಕಳಚಿದ ಪಾತ್ರೆ ಕಣ್ಣ ಮುಂದೆ ಬಂತು. ಕೆನೆಯನ್ನು ಅಲ್ಲೇ ಬಿಟ್ಟು ಎದ್ದ.

ತೂಕ ನಿಧಾನವಾಗಿ ಇಳಿಯಿತು, ಇಳಿದದ್ದು ಮತ್ತೆ ಏರಲಿಲ್ಲ. ಬೆಲ್ಟಿಗೆ ಹೆಂಡತಿ ಮೊಳೆ ಕಾಯಿಸಿ ಹೊಸ ತೂತು ಹಾಕಿದಳು, ಸ್ವಲ್ಪ ದಿನಕ್ಕೆ ಅದರ ಪಕ್ಕ ಇನ್ನೊಂದು. ಬೇಸಿಗೆಯ ಬಿಸಿಲು ಇನ್ನೂ ಜೋರಾಗಿದ್ದಾಗಲೇ ಅವನು ಆಸ್ಪತ್ರೆಯ ತೂಕದ ಯಂತ್ರ ಹತ್ತಿದ. ಡಾಕ್ಟರು ಇಳಿಸಿ, ಮತ್ತೊಮ್ಮೆ ಹತ್ತಿಸಿ ನೋಡಿದರು. ಹೇಳಿದ ಹದಿನಾಲ್ಕು ಕಿಲೋ ಇಳಿಯಲು ಇನ್ನೂ ಚೂರು ಬಾಕಿಯಿತ್ತು. ಸೌಟಪ್ಪ ಉಸಿರು ಬಿಗಿಹಿಡಿದು ನಿಂತಿದ್ದ.

"ಉಸಿರು ಬಿಡಿ, ಅದಕ್ಕೆ ತೂಕ ಇಲ್ಲ," ಎಂದರು ಡಾಕ್ಟರು. "ಬಿಪಿನೂ ಇಳಿದಿದೆ. ಇಷ್ಟು ಸಾಕು. ಇಬ್ಬರೂ ಬಂದು ಸೇರ್ಕೊಳ್ಳಿ."

ಹೆಂಡತಿ ಅಷ್ಟು ಜನರ ಎದುರಿಗೆ ಅವನ ಕೈ ಹಿಡಿದುಕೊಂಡಳು. ಮದುವೆಯಾದ ಮೇಲೆ ಅದು ಮೊದಲ ಸಲ ಎಂದು ಅವನು ಎಲ್ಲರಿಗೂ ಹೇಳುತ್ತಾನೆ, ಅವಳು ಇಲ್ಲವೆನ್ನುತ್ತಾಳೆ.

ಆಪರೇಷನ್ ಸುಸೂತ್ರವಾಯಿತು. ಸೌಟಪ್ಪ ಬೇಗ ಎದ್ದು ಓಡಾಡಿದ, ಅಕ್ಕ ನಿಧಾನವಾಗಿ. ಅವಳ ಮುಖದ ಊತ ಇಳಿದು ಹಳೆಯ ಮೂಗು, ಹಳೆಯ ಗಲ್ಲ ಒಂದೊಂದಾಗಿ ಹೊರಗೆ ಬಂದವು. ಯಂತ್ರಕ್ಕೆ ಕೈ ಕೊಟ್ಟು ಮಲಗುವ ದಿನಗಳು ಮುಗಿದವು. ಅವಳು ಲೋಟದ ತುಂಬ ನೀರು ಕುಡಿಯುವುದನ್ನು ನೋಡಲೆಂದೇ ಸೌಟಪ್ಪ ಕೆಲಸ ಮುಗಿಸಿ ನಡೆದುಕೊಂಡು ಅವಳ ಮನೆಗೆ ಹೋಗುತ್ತಿದ್ದ. ಮೇಡಮ್ಮಿಗೂ, ಡಾಕ್ಟರಿಗೂ, ಚಿಕ್ಕಮ್ಮನಿಗೂ, ಉಪ್ಪು ತಂದ ವೆಲ್ಡರಿಗೂ ಮನಸ್ಸಿನಲ್ಲೇ ಒಳಿತು ಕೋರುತ್ತಾ ಆ ದಾರಿ ಸವೆಸುತ್ತಿದ್ದ.

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ ಅಕ್ಕ ತಾನೇ ಒಲೆಯ ಮುಂದೆ ನಿಂತಳು. ಕಾಯಿಲೆ ಬಿದ್ದ ಮೇಲೆ ಮೊದಲ ಸಲ. ಅನ್ನ, ಬೇಳೆ, ಒಂದು ಸೊಪ್ಪಿನ ಪಲ್ಯ ಮಾಡಿ ತಮ್ಮನ ಮುಂದೆ ತಟ್ಟೆಯಿಟ್ಟು ಬಡಿಸಿದಳು. ಮನೆಯ ತುಂಬ ಬಿಸಿ ಅನ್ನದ ವಾಸನೆ. ಸೌಟಪ್ಪ ಮೇಜಿನ ಆ ಕಡೆ ನೋಡಿದ, ಅಲ್ಲಿ ತಟ್ಟೆ ಇರಲಿಲ್ಲ.

"ನಿನಗೆ?" ಎಂದ.

"ಅಡುಗೆ ಮಾಡ್ತಾ ರುಚಿ ನೋಡಿದ್ದೇ ಆಯ್ತು ಕಣೋ. ನನ್ನ ಹೊಟ್ಟೆ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಹಳೆಯ ಮಾತು, ಕರೆಯದೆಯೇ ಬಂದುಬಿಟ್ಟಿತ್ತು.

ಸೌಟಪ್ಪ ಎದ್ದು ಹೋಗಿ ಇನ್ನೊಂದು ತಟ್ಟೆ ತಂದ. ಅರ್ಧಕ್ಕೆ ಸೊಪ್ಪು ಹಾಕಿ, ಉಳಿದ ಅರ್ಧಕ್ಕೆ ಅನ್ನ, ಬೇಳೆ ಬಡಿಸಿ ಅವಳ ಮುಂದಿಟ್ಟ.

"ನಿನ್ನ ಹೊಟ್ಟೆ ವಿಷಯ ಇನ್ನು ನನ್ನ ಹತ್ರ ನಡೆಯಲ್ಲ ಅಕ್ಕ. ಅಲ್ಲಿ ನನ್ನ ಕಡೆಯವನೊಬ್ಬ ಇದಾನೆ."

ಅಕ್ಕ ನಕ್ಕಳು, ಕಣ್ಣೊರೆಸಿಕೊಂಡಳು, ತಟ್ಟೆ ಎಳೆದುಕೊಂಡಳು. ಅವಳು ಮೊದಲ ತುತ್ತು ನುಂಗುವ ತನಕ ಸೌಟಪ್ಪ ಕಾದ. ಆಮೇಲೆ ತಾನೂ ಉಂಡ.